ಬೇಸಿಗೆ ರಜೆಯ ಅಜ್ಜಿ ಮನೆ: ರಜೆ ಯಾರಿಗಿತ್ತು?

ಶಿರಸಿ ಸೀಮೆ

ಏಪ್ರಿಲ್ 10ಕ್ಕೆ ರಿಸಲ್ಟ್, 11ಕ್ಕೆ ಬಸ್ಸು. ನಾವು ಹುಬ್ಬಳ್ಳಿಯಲ್ಲಿದ್ದಷ್ಟು ವರ್ಷವೂ ಇದೇ ಲೆಕ್ಕ. ಅಪ್ಪ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದುಕೊಡುತ್ತಿದ್ದರು. ಮುಂಡಗೋಡ ದಾಟಿ ಕಾಡು ಶುರುವಾದ ಕೂಡಲೇ ಅಮ್ಮನ ಮುಖವೇ ಬೇರೆ ಆಗುತ್ತಿತ್ತು. ಶಿರಸಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಒಂದು ಮೈಲಿ ನಡೆದರೆ ಅಜ್ಜಿ ಮನೆ. ಅಷ್ಟರಲ್ಲಿ ಚಿಕ್ಕಮ್ಮಂದಿರ ಮಕ್ಕಳೂ ಬಂದಿರುತ್ತಿದ್ದರು. ಒಟ್ಟು ಹನ್ನೊಂದು ಜನ ಮಕ್ಕಳು. ಜಗುಲಿಯ ಉದ್ದಕ್ಕೂ ಚಾಪೆ ಹಾಸಿ ಮಲಗುತ್ತಿದ್ದೆವು.

ಬೆಳಿಗ್ಗೆ ದೋಸೆ ತಿಂದು ಬೆಟ್ಟ ಹತ್ತಿದರೆ ಕವಳಿಹಣ್ಣು, ಸಂಪಿಗೆ ಹಣ್ಣು, ಮುರುಗಲು. ಮಧ್ಯಾಹ್ನ ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ. ಅದನ್ನು ಲೋಟದಲ್ಲಿ ಕುಡಿದು ಅಲ್ಲೇ ನಿದ್ದೆ. ಸಂಜೆ ಹೊಳೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿರುತ್ತಿದ್ದರು. ಕಾಗೆ ಬಾರದ ಹಾಗೆ ನೋಡಿಕೊಳ್ಳುವ ಕೆಲಸ ನಮ್ಮದು. ಕಾಗೆಗಿಂತ ಜಾಸ್ತಿ ನಾವೇ ತಿನ್ನುತ್ತಿದ್ದೆವು. ಅರ್ಧ ಒಣಗಿದ ಹಪ್ಪಳ ಮಡಚಿ ಬಾಯಿಗೆ ಹಾಕಿದರೆ ಅಂಚು ಮಾತ್ರ ಕರುಂ ಅನ್ನುತ್ತದೆ, ನಡುವೆ ಮೆತ್ತಗೆ. ಆ ರುಚಿ ಕರಿದ ಹಪ್ಪಳಕ್ಕೆ ಇಲ್ಲ.

ಈಗ ಬೆಂಗಳೂರಿನಲ್ಲಿದ್ದೇನೆ. ಮಗನಿಗೆ 10, ಮಗಳಿಗೆ 7. ಪ್ರತಿ ಬೇಸಿಗೆ ಎರಡು ಕ್ಯಾಂಪ್. ಈ ವರ್ಷ "ಒಂದು ತಿಂಗಳು ಅಜ್ಜಿ ಮನೆಗೆ ಹೋಗೋಣ" ಅಂದೆ. ಮಗ ಕೇಳಿದ, "ಅಲ್ಲಿ ಎಷ್ಟು ಗಂಟೆಗೆ ಏನಿರುತ್ತೆ?" ಅವನಿಗೆ ಟೈಮ್‌ಟೇಬಲ್ ಬೇಕಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಏನೂ ಇರದ ದಿನ ಹೇಗಿರುತ್ತದೆ ಅಂತ ಆ ಮಗುವಿಗೆ ಗೊತ್ತೇ ಇಲ್ಲ.

ನನ್ನ ಮಾತು ಇಷ್ಟೇ. ಕ್ಯಾಂಪುಗಳಿಗೆ ದುಡ್ಡು ಕಟ್ಟುವುದನ್ನು ನಿಲ್ಲಿಸಿ, ಮಕ್ಕಳನ್ನು ಊರಿಗೆ ಕಳಿಸಬೇಕು. ವಾರ ಸಾಲದು, ಕನಿಷ್ಠ ಒಂದು ತಿಂಗಳು. ನೀವೇನಂತೀರಿ?

ಗದಗಿನವ

ನೂರಕ್ಕೆ ನೂರು ಒಪ್ಪಿದೆ ಅಕ್ಕಾ. ನಮ್ಮ ಕಡೆ ರಜೆ ಅನ್ನುವುದಿಲ್ಲ, ಸೂಟಿ. "ಸೂಟಿ ಬಿಟ್ರು" ಅನ್ನುವ ಎರಡು ಮಾತು ಕೇಳಿದರೆ ಈ ವಯಸ್ಸಿನಲ್ಲೂ ಎದೆ ಹಗುರಾಗುತ್ತದೆ.

ನಮ್ಮಲ್ಲಿ ಕಾಡಿಲ್ಲ, ಹೊಳೆ ಇಲ್ಲ. ಇದ್ದದ್ದು ಬಿಸಿಲು ಮತ್ತು ಮಾಳಿಗೆ. ಹಳೇ ಮೇಲ್ಮುದ್ದೆ ಮನೆ, ಮೇಲೆ ಮಣ್ಣು ಬಡಿದ ಚಾವಣಿ. ಹಗಲೆಲ್ಲ ಹೊರಗೆ ಎಷ್ಟೇ ಉರಿದರೂ ಒಳಗೆ ತಂಪು. ರಾತ್ರಿ ಎಲ್ಲರೂ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದೆವು. ಒಂದು ತಂಬಿಗೆ ನೀರು, ಕೌದಿ, ಮೇಲೆ ಚುಕ್ಕಿ. ಪಕ್ಕದ ಮಾಳಿಗೆಯವರ ಮಾತು ಕೇಳುತ್ತಲೇ ನಿದ್ದೆ ಬರುತ್ತಿತ್ತು. ಈಗ ಅದೇ ಜಾಗದಲ್ಲಿ ಅಣ್ಣ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ರಾತ್ರಿ ಹನ್ನೊಂದಕ್ಕೂ ಚಾವಣಿ ಬಿಸಿ ಉಗುಳುತ್ತದೆ.

ಇನ್ನೊಂದು ಶಾವಿಗೆ. ಏಪ್ರಿಲ್ ತಿಂಗಳಲ್ಲಿ ಓಣಿಯ ಹೆಂಗಸರೆಲ್ಲ ಒಂದೊಂದು ದಿನ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಶಾವಿಗೆ ಮಣೆ ಓರೆಯಾಗಿ ಇಟ್ಟು ಅದರ ಮೇಲೆ ಕೂತು ಅಂಗೈಯಲ್ಲಿ ಹಿಟ್ಟು ಹೊಸೆಯುತ್ತಿದ್ದರೆ ಕೂದಲಿನಷ್ಟು ಸಣ್ಣ ಎಳೆ ಕೆಳಗೆ ಇಳಿಯುತ್ತಿತ್ತು. ಅದನ್ನು ಕೋಲಿನ ಮೇಲೆ ಹಿಡಿದು ಬಿಸಿಲಿಗೆ ಹಾಕುವುದು ಹುಡುಗರ ಕೆಲಸ. ಎಳೆ ಹರಿದರೆ ಬೈಗುಳ. ನಾನು ನೋಡನೋಡುತ್ತಾ ಕಲಿತಿದ್ದೆ. ಬೆರಳು ತಾಗಿಸಬಾರದು, ಕೋಲನ್ನೇ ಎಳೆಯ ಕೆಳಗೆ ತರಬೇಕು. ಹೊಸ ಶಾವಿಗೆ ಬಸಿದು ಹಾಲು, ಸಕ್ಕರೆ, ಇಲ್ಲವೇ ಮಾವಿನಹಣ್ಣಿನ ಶೀಕರಣಿ ಹಾಕಿಕೊಂಡು ಉಂಡರೆ ಆ ದಿನ ಮತ್ತೇನೂ ಬೇಡ.

ಮಕ್ಕಳನ್ನು ಕಳಿಸಿ ಅಕ್ಕಾ. ಹೆದರಬೇಡಿ.

ನೆರಳು

ನಾನು ಮೈಸೂರಿನವಳು. ಇಬ್ಬರ ಬರಹವನ್ನೂ ಎರಡು ಸಲ ಓದಿದೆ. ತುಂಬಾ ಚೆನ್ನಾಗಿದೆ, ನನಗೂ ಇಂಥ ನೆನಪುಗಳಿವೆ. ಆದರೂ ಒಂದು ಪ್ರಶ್ನೆ ಕೇಳಲೇಬೇಕು.

ಹನ್ನೊಂದು ಮಕ್ಕಳಿಗೆ ದೋಸೆ ಹೊಯ್ದವರು ಯಾರು? ಅಪ್ಪೆಹುಳಿಗೆ ಕಾಯಿ ಬೇಯಿಸಿದವರು? ಸಂಜೆ ಹೊಳೆಯಿಂದ ಬಂದ ಹನ್ನೊಂದು ಜೊತೆ ಕೆಸರು ಬಟ್ಟೆ ಒಗೆದವರು? ಶಿರಸಿಯವರ ಬರಹದಲ್ಲಿ ಅಪ್ಪ ಇದ್ದಾರೆ, ಅಮ್ಮ ಇದ್ದಾರೆ, ಅಜ್ಜಿ ಇದ್ದಾರೆ, ಕಾಗೆಯೂ ಇದೆ. "ಒಣಗಿಸಿರುತ್ತಿದ್ದರು" ಅಂತ ಬರೆದಿದ್ದೀರಿ. ಯಾರು ಒಣಗಿಸಿರುತ್ತಿದ್ದರು ಅಂತ ಇಲ್ಲ.

ಅದು ನಿಮ್ಮ ಅತ್ತೆ ಅಲ್ವಾ? ಮಾವನ ಹೆಂಡತಿ. ನಿಮ್ಮ ಅಮ್ಮನಿಗೆ ಅದು ತವರು, ವಿಶ್ರಾಂತಿ. ಅತ್ತೆಗೆ ಅದು ಗಂಡನ ಮನೆ. ನಮ್ಮ ಮನೆಯಲ್ಲಿ ಆ ಜಾಗದಲ್ಲಿ ನನ್ನ ಅಮ್ಮ ಇದ್ದಳು. ಮೇ ತಿಂಗಳು ಮುಗಿಯುವ ಹೊತ್ತಿಗೆ ಅವಳ ಕೈಬೆರಳ ಸಂದು ಬಿರಿದಿರುತ್ತಿತ್ತು. ಜೂನ್‌ನಲ್ಲಿ ನಾವು ಶಾಲೆಗೆ ಹೊರಡುವಾಗ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿರುತ್ತಿದ್ದಳು.

ಈಗ ನೀವು ಒಂದು ತಿಂಗಳು ಮಕ್ಕಳನ್ನು ಊರಿಗೆ ಕಳಿಸಿದರೆ ಅವರನ್ನು ನೋಡಿಕೊಳ್ಳುವವರು ಯಾರು? 70 ದಾಟಿದ ಅದೇ ಅತ್ತೆಯಾ? ನಾನು ಮಗಳನ್ನು ಕ್ಯಾಂಪಿಗೆ ಕಳಿಸುತ್ತೇನೆ, ನನಗೆ ಅದರ ಬಗ್ಗೆ ಬೇಸರವಿಲ್ಲ. ರಂಗಾಯಣದ ಚಿಣ್ಣರ ಮೇಳಕ್ಕೆ ಹೋಗಿ ಬಂದ ವರ್ಷ ಅವಳು ಮನೆಯಲ್ಲಿ ಒಂದು ತಿಂಗಳು ಹಾಡು ಹೇಳಿಕೊಂಡೇ ಓಡಾಡಿದಳು. ಅಲ್ಲಿ ಕಲಿಸಿದವರಿಗೆ ಸಂಬಳ ಇತ್ತು. ನಿಮ್ಮ ಅತ್ತೆಗೆ ಇರಲಿಲ್ಲ.

ಶಿರಸಿ ಸೀಮೆ

ನೆರಳು ಅವರೇ, ಮೊದಲು ಓದಿದಾಗ ಸಿಟ್ಟು ಬಂತು. ಆಮೇಲೆ ನನ್ನದೇ ಬರಹ ಮತ್ತೆ ಓದಿದೆ. ನೀವು ಹೇಳಿದ್ದು ನಿಜ. ಅತ್ತೆಯ ಹೆಸರೇ ಬಂದಿಲ್ಲ.

ಆದರೆ ಒಂದು ಮಾತಿದೆ. ಮನೆಯಲ್ಲಿ ಅತ್ತೆ ಒಬ್ಬರೇ ದುಡಿಯುತ್ತಿರಲಿಲ್ಲ. ಅಮ್ಮ, ಚಿಕ್ಕಮ್ಮಂದಿರೂ ಕೈ ಹಾಕುತ್ತಿದ್ದರು. ಹಪ್ಪಳ ಮಾಡುವಾಗ ಎಲ್ಲರೂ ಸೇರಿ ನಗುತ್ತಾ ಮಾಡುತ್ತಿದ್ದರು. ಅದನ್ನು ಬರೀ ಚಾಕರಿ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆ ನಗು ಸುಳ್ಳಲ್ಲ.

ನೆರಳು

ನಗು ಸುಳ್ಳು ಅಂತ ನಾನೂ ಹೇಳುತ್ತಿಲ್ಲ. ಅಮ್ಮ ವಾರ ಕಳೆದ ಮೇಲೆ ದಣಿವಾದರೆ ಮಲಗಬಹುದಿತ್ತು. ಅತ್ತೆ ಮಲಗುವ ಹಾಗಿರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಹೊಸನಗರ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಅಮ್ಮ ಇಂಥ ಒಂದು ಮನೆಯ ತೋಟದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಶಾಲೆ ಇಲ್ಲ, ಮನೆಯಲ್ಲಿ ಒಬ್ಬನೇ ಯಾಕೆ ಅಂತ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಏಪ್ರಿಲ್ ಕೊನೆಗೆ ಆ ಮನೆ ತುಂಬ ಪೇಟೆ ಮಕ್ಕಳು. ಅವರಿಗೆ ಮಾವಿನ ಮರ ಹತ್ತಲು ಬರುತ್ತಿರಲಿಲ್ಲ. ನಾನು ಹತ್ತುತ್ತಿದ್ದೆ. ನಾನು ಮೇಲಿಂದ ಉದುರಿಸುವುದು, ಅವರು ಕೆಳಗೆ ಆರಿಸುವುದು. ಕೆಂಚಿರುವೆ ಕಚ್ಚಿ ಕೈಯೆಲ್ಲ ಉರಿಯುತ್ತಿತ್ತು. ಆಟ ಒಟ್ಟಿಗೇ ಆಡುತ್ತಿದ್ದೆವು. ಚಿನ್ನಿದಾಂಡಿನಲ್ಲಿ ನನ್ನನ್ನು ತಮ್ಮ ಕಡೆಗೆ ಹಾಕಿಕೊಳ್ಳಲು ಜಗಳವಾಡುತ್ತಿದ್ದರು. ಬಾಯಾರಿಕೆ ಆದಾಗ ಅವರು ಒಳಗೆ ಓಡುತ್ತಿದ್ದರು. ನಾನು ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದೆ. ಯಾರಾದರೂ ಚೊಂಬು ತಂದು ಮೇಲಿನಿಂದ ಹೊಯ್ಯುತ್ತಿದ್ದರು, ನಾನು ಬೊಗಸೆಯಲ್ಲಿ ಕುಡಿಯುತ್ತಿದ್ದೆ.

ಆ ಮನೆಯವರು ಕೆಟ್ಟವರಲ್ಲ. ಶಾಲೆ ಶುರುವಾಗುವಾಗ ಹಳೇ ಪುಸ್ತಕ ಕೊಡುತ್ತಿದ್ದರು. ಆ ಪುಸ್ತಕ ಓದಿಯೇ ನಾನು ಮುಂದೆ ಬಂದೆ, ಈಗ ಬ್ಯಾಂಕಿನಲ್ಲಿದ್ದೇನೆ. ಆದರೆ ಬೇಸಿಗೆ ರಜೆ ಅಂದಾಗ ನನಗೆ ಮೊದಲು ನೆನಪಾಗುವುದು ಆ ನೀರು. ಮಣ್ಣಿನ ಹರವಿಯ ನೀರು, ಏಲಕ್ಕಿ ಸಿಪ್ಪೆಯ ವಾಸನೆ ಇರುತ್ತಿತ್ತು. ಅಷ್ಟು ತಂಪಾದ ನೀರು ನಾನು ಮತ್ತೆ ಕುಡಿದಿಲ್ಲ. ಬೊಗಸೆಯಿಂದ ಸೋರಿ ಅಂಗಿ ಎಲ್ಲ ಒದ್ದೆಯಾಗುತ್ತಿತ್ತು. ಆ ಮಕ್ಕಳ ಮುಂದೆ ಹಾಗೆ ನಿಂತು ಕುಡಿಯಲು ನಾಚಿಕೆಯಾಗುತ್ತಿತ್ತು.

ಶಿರಸಿಯವರೇ, ನಿಮ್ಮ ಹನ್ನೊಂದು ಜನರ ಜೊತೆ ಹನ್ನೆರಡನೆಯವನು ಯಾರಾದರೂ ಇದ್ದನಾ? ಒಮ್ಮೆ ನೆನಪಿಸಿಕೊಳ್ಳಿ.

ಕಡಲ ಕರೆ

ಮುಂಬೈಯಲ್ಲಿ ಹುಟ್ಟಿ ಬೆಳೆದವನು ನಾನು. ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಒಂದೇ ಕೋಣೆಯ ಚಾಳಿನ ಮನೆ. ವರ್ಷಕ್ಕೊಮ್ಮೆ ಕುಂದಾಪುರದ ಹತ್ತಿರದ ನಮ್ಮೂರಿಗೆ.

ಕೊಂಕಣ ರೈಲು ಬರುವ ಮೊದಲು ಬಸ್ಸೇ ಗತಿ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಸುತ್ತಿ, ಯಲ್ಲಾಪುರದ ಆಚೆ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬರಬೇಕು. ಒಂದು ಹಗಲು ಒಂದು ರಾತ್ರಿ ಸಾಲುತ್ತಿರಲಿಲ್ಲ. ಘಟ್ಟದಲ್ಲಿ ನಾನು ತಪ್ಪದೆ ವಾಂತಿ ಮಾಡುತ್ತಿದ್ದೆ, ಅಮ್ಮ ನಿಂಬೆಹಣ್ಣು ಹಿಡಿದೇ ಕೂತಿರುತ್ತಿದ್ದಳು. 1998ರಲ್ಲಿ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಕುರ್ಲಾದಲ್ಲಿ ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಗಿನ ಜಾವಕ್ಕೆ ಕುಂದಾಪುರ. ಆ ಹೊತ್ತಿಗೆ ನನಗೆ 16 ಆಗಿತ್ತು, ರಜೆಯ ಕಾಲವೇ ಮುಗಿಯುತ್ತಾ ಬಂದಿತ್ತು.

ನಾನು ಹೇಳಬೇಕಾದ್ದು ಬೇರೆ. ನನಗೆ ಕನ್ನಡ ಬಂದದ್ದು ಆ ಬೇಸಿಗೆಗಳಿಂದ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಹಿಂದಿ. ಊರಿಗೆ ಬಂದ ಮೊದಲ ವಾರ ನಾನು ಬಾಯಿ ಬಿಟ್ಟರೆ ಎಲ್ಲರೂ ನಗುತ್ತಿದ್ದರು. ಎರಡನೇ ವಾರಕ್ಕೆ ಮಾತು ಕೂಡುತ್ತಿತ್ತು. ಮೇ ಕೊನೆಗೆ ಅಮ್ಮಮ್ಮನ ಹತ್ತಿರ ಜಗಳವಾಡುವಷ್ಟು ಬರುತ್ತಿತ್ತು. ರಾತ್ರಿ ಗದ್ದೆಯಲ್ಲಿ ಯಕ್ಷಗಾನ. ಮೇ ಕೊನೆಯ ವಾರ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ, ಅಷ್ಟರೊಳಗೆ ನಾಲ್ಕೈದು ಆಟವಾದರೂ ನೋಡಬೇಕು ಅಂತ ಹಟ. ಚಾಪೆ ಸುತ್ತಿಕೊಂಡು ಹೋಗುವುದು. ನಡುರಾತ್ರಿ ನಿದ್ದೆ, ಬಣ್ಣದ ವೇಷ ಬಂದು ಚೆಂಡೆ ಜೋರಾದಾಗ ಬೆಚ್ಚಿ ಏಳುವುದು. ಅರ್ಥ ಗೊತ್ತಾಗದಿದ್ದರೂ ಆ ಮಾತಿನ ಗತ್ತು ಕಿವಿಯಲ್ಲಿ ಕೂತುಬಿಟ್ಟಿತು. ಇವತ್ತು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಂದರೆ ಅದೇ ಕಾರಣ.

ನೆರಳು ಮೇಡಂ ಹೇಳಿದ್ದು, ಹೊಸನಗರದವರು ಬರೆದದ್ದು ಎರಡೂ ನನಗೆ ತಾಗಿತು. ಆದರೂ ಆ ಆರೇಳು ವಾರ ಇರದಿದ್ದರೆ ನಾನು ನನ್ನ ಅಮ್ಮಮ್ಮನ ಜೊತೆ ಮಾತಾಡಲು ಬಾರದವನಾಗಿ ಬೆಳೆಯುತ್ತಿದ್ದೆ. ಯಾವ ಕ್ಯಾಂಪ್ ಇದನ್ನು ಕೊಡುತ್ತಿತ್ತು, ಹೇಳಿ? ಈಗ ಊರಿನ ಮನೆಗೆ ಬೀಗ. ಬೀಗದ ಕೈ ಪಕ್ಕದ ಮನೆಯಲ್ಲಿದೆ. ನನ್ನ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಬರುವುದಿಲ್ಲ.

ಪಾವಗಡ ಮೇಷ್ಟ್ರು

ಸರ್ಕಾರಿ ಶಾಲೆಯ ಮೇಷ್ಟ್ರು ನಾನು. ನನ್ನ ಮಕ್ಕಳ ಬೇಸಿಗೆಯ ಬಗ್ಗೆಯೂ ಎರಡು ಮಾತು ಇರಲಿ. ನನ್ನ ಮಕ್ಕಳು ಅಂದರೆ ಶಾಲೆಯ ಮಕ್ಕಳು.

ಪಾವಗಡದ ಕಡೆ ಏಪ್ರಿಲ್ ಅಂದರೆ ಹುಣಸೆ. ಮರ ಬಡಿದು ಹಣ್ಣು ಬಂದಿರುತ್ತದೆ. ಮನೆಮನೆಯಲ್ಲಿ ಓಡು ಬಿಡಿಸುವುದು, ನಾರು ತೆಗೆಯುವುದು, ಕುಟ್ಟಿ ಬೀಜ ಬೇರೆ ಮಾಡುವುದು. ಕೂಲಿ ಕೆಜಿ ಲೆಕ್ಕ. ಹಾಗಾಗಿ ಮಕ್ಕಳೂ ಕೂರುತ್ತಾರೆ. ಬೆರಳ ತುದಿ ಕಪ್ಪಗಾಗಿ ಸುಲಿದಿರುತ್ತದೆ. ಜೂನ್‌ನಲ್ಲಿ ಮಕ್ಕಳು ಶಾಲೆಗೆ ಬಂದಾಗ ಕೈ ನೋಡಿಯೇ ಯಾರ ಮನೆಯಲ್ಲಿ ಎಷ್ಟು ಹುಣಸೆ ಆಯಿತು ಅಂತ ನಾನು ಹೇಳಬಲ್ಲೆ. ಅವರಿಗೂ ಖುಷಿ ಇಲ್ಲ ಅಂತಲ್ಲ. ಕದ್ದು ಒಂದು ಹಿಡಿ ಹಣ್ಣಿಗೆ ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆ ಹಾಕಿ ಕುಟ್ಟಿ ಕಡ್ಡಿಗೆ ಚುಚ್ಚಿ ಚಿಗಳಿ ಮಾಡಿಕೊಳ್ಳುತ್ತಾರೆ. ನನಗೂ ಒಂದು ತಂದುಕೊಡುತ್ತಾರೆ.

ಒಂದು ವರ್ಷ ರಜೆ ಶುರುವಾಗುವ ದಿನ ಮೂರನೇ ಕ್ಲಾಸಿನ ಹುಡುಗಿ ಕೇಳಿದಳು, "ಸಾ, ನಾಳೆಯಿಂದ ಊಟ ಇಲ್ವಾ?" ರಜೆ ಅಂದರೆ ಅವಳಿಗೆ ಬಿಸಿಯೂಟ ನಿಲ್ಲುವ ದಿನ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದು ನಿಮಗೆ ನೆನಪಿರಬಹುದು. ಮುಂದಿನ ಬೇಸಿಗೆ, 2024ರಲ್ಲಿ, ಆ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಸರದಿ ಮೇಲೆ ನಾವು ಹೋಗುತ್ತಿದ್ದೆವು. ಊಟ ಮುಗಿಸಿದ ಮಕ್ಕಳು ಮನೆಗೆ ಹೋಗುತ್ತಲೇ ಇರಲಿಲ್ಲ. ಹೊಂಗೆ ಮರದ ನೆರಳಲ್ಲಿ ಚೌಕಾಬಾರ ಬರೆದು ಹುಣಸೆ ಬೀಜ ಉಜ್ಜಿ ದಾಳ ಮಾಡಿ ಆಡುತ್ತಿದ್ದರು. ನಾನೂ ಕೂತು ಆಡಿದೆ. ಅಡುಗೆ ಮಾಡುವ ತಾಯಂದಿರೂ ಪಾತ್ರೆ ತೊಳೆದಾದ ಮೇಲೆ ಬಂದು ಕೂರುತ್ತಿದ್ದರು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಶಾಲೆ ಅಷ್ಟು ಚೆನ್ನಾಗಿ ಕಂಡ ತಿಂಗಳು ಇನ್ನೊಂದಿಲ್ಲ.

ಹಾಗಾಗಿ ಕ್ಯಾಂಪ್ ಬೇಡ ಅನ್ನಬೇಡಿ. ನಮ್ಮ ಹಳ್ಳಿಗಳಿಗೆ ಅದು ಬೇಕು. ಈಗ ಕೆಲವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಬೇಸಿಗೆ ಶಿಬಿರ ಮಾಡುತ್ತಾರೆ. ಹುಣಸೆ ಬಿಡಿಸಿ ಕೈ ತೊಳೆದು ಬರುವ ಮಕ್ಕಳು ಅಲ್ಲಿಗೆ ಓಡುತ್ತಾರೆ. ಪೇಟೆಯ ಮಗುವಿಗೆ ಏನೂ ಇರದ ದಿನ ಬೇಕು. ನಮ್ಮ ಮಗುವಿಗೆ ಏನಾದರೂ ಇರುವ ದಿನ ಬೇಕು.

ಗದಗಿನವ

ಮೇಷ್ಟ್ರೇ, ನಿಮ್ಮ ಬರಹ ಓದಿ ನನ್ನ ಮೊದಲಿನ "ಹೆದರಬೇಡಿ" ಅನ್ನುವ ಮಾತಿಗೆ ಒಂದು ತಿದ್ದುಪಡಿ ಮಾಡಬೇಕು ಅನಿಸಿತು. ಬಾವಿಯ ವಿಷಯದಲ್ಲಿ ಹೆದರಿ.

ನಮ್ಮೂರಲ್ಲಿ ಈಜು ಕಲಿಸುವುದು ಬಾವಿಯಲ್ಲಿ. ಬೆನ್ನಿಗೆ ಸೋರೆ ಬುರುಡೆ ಕಟ್ಟಿ ದೂಡುತ್ತಿದ್ದರು. ದೊಡ್ಡವರು ನಾಲ್ಕು ಜನ ನೀರಲ್ಲೇ ಇರುತ್ತಿದ್ದರು, ಅದಕ್ಕೇ ನಾವು ಬದುಕಿದೆವು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸೂಟಿಗೆ ಬಂದ ಗೆಳೆಯನೊಬ್ಬ ಯಾರಿಗೂ ಹೇಳದೆ ಒಬ್ಬನೇ ಕೃಷಿಹೊಂಡಕ್ಕೆ ಇಳಿದ. ಮೇಲೆ ಬರಲಿಲ್ಲ. ಅವನ ಚಪ್ಪಲಿ ದಂಡೆಯ ಮೇಲೆ ಜೋಡಿಸಿ ಇಟ್ಟಿದ್ದವು. ಈಗಲೂ ಪ್ರತಿ ಬೇಸಿಗೆ ಇಂಥ ಸುದ್ದಿ ಓದುತ್ತೇವೆ. ಊರಿಗೆ ಕಳಿಸುವ ಮೊದಲು ಮಕ್ಕಳಿಗೆ ಈಜು ಕಲಿಸಿ. ಅದಕ್ಕೆ ಪೇಟೆಯ ಕ್ಯಾಂಪೇ ಸರಿ.

ಇನ್ನು ಬಿಸಿಲು. ನಾವು ಆಡಿದ ಬಿಸಿಲೇ ಈಗಲೂ ಇದೆ ಅಂದುಕೊಳ್ಳಬೇಡಿ. ತಣ್ಣನೆಯ ಊರು ಅನ್ನಿಸಿಕೊಂಡ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು. ನಮ್ಮಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ.

ಹಿರಿಸೊಸೆ

ಎಲ್ಲರಿಗೂ ನಮಸ್ಕಾರ. ಮೊಮ್ಮಗಳು ಇದನ್ನು ಓದಿ ಹೇಳಿದಳು. ನಾನು ಹೇಳಿದ್ದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ.

ನೀವು ಹುಡುಕುತ್ತಿರುವ ಆ ಅತ್ತೆ ನಾನೇ. ಶಿರಸಿಯ ಆ ಮನೆಯವಳಲ್ಲ, ಸಾಗರದ ಕಡೆಯವಳು. 1979ರಲ್ಲಿ ಮದುವೆಯಾಗಿ ಬಂದೆ. ನಾಲ್ಕು ಜನ ನಾದಿನಿಯರು. ಒಬ್ಬರು ಶಿವಮೊಗ್ಗ, ಒಬ್ಬರು ದಾವಣಗೆರೆ, ಇಬ್ಬರು ಬೆಂಗಳೂರು. ಏಪ್ರಿಲ್ ಎರಡನೇ ವಾರ ಒಬ್ಬೊಬ್ಬರೇ ಬರುತ್ತಿದ್ದರು. ಮೇ ಕೊನೆಗೆ ಹೊರಡುತ್ತಿದ್ದರು.

ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕಿತ್ತು. ದೋಸೆ ಹಿಟ್ಟು ಒರಳಲ್ಲಿ ರುಬ್ಬಬೇಕು. ಗ್ರೈಂಡರ್ ಬಂದದ್ದು 1994ರಲ್ಲಿ. ಎರಡು ಒಲೆಯಲ್ಲಿ ಎರಡು ಕಾವಲಿ. 60 ದೋಸೆಯಾದ ಮೇಲೆ ನಾನು ಎಣಿಸುವುದನ್ನು ಬಿಡುತ್ತಿದ್ದೆ. ನಾನು ತಿನ್ನುವಾಗ ಹತ್ತು ಗಂಟೆ, ಆಗ ಉಳಿದಿರುವುದು ತಣ್ಣಗಾದ ಒಂದೆರಡು. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಪಾತ್ರೆ ಇಡಬೇಕು. ನೆರಳು ಅನ್ನುವ ಮಗಳು ಬರೆದದ್ದು ಸರಿಯಾಗಿಯೇ ಇದೆ.

ಅವಳು ಬರೆಯದ ಒಂದು ವಿಷಯ ಹೇಳುತ್ತೇನೆ. ನನಗೂ ತವರಿತ್ತು. ತೀರ್ಥಹಳ್ಳಿಯ ಹತ್ತಿರ. ಬೇಸಿಗೆಯಲ್ಲಿ ನಾನು ಹೋಗುವ ಹಾಗಿರಲಿಲ್ಲ, ಮನೆ ತುಂಬ ಜನ. ನವರಾತ್ರಿ ರಜೆಗೆ ಹೋಗುತ್ತಿದ್ದೆ, ಆಗ ನನ್ನ ಅಕ್ಕ ತಂಗಿಯರು ಬರುತ್ತಿರಲಿಲ್ಲ. ಹಾಗಾಗಿ ನನ್ನ ಎರಡು ಮಕ್ಕಳು ಬೇಸಿಗೆಯ ಅಜ್ಜಿ ಮನೆ ಅನ್ನುವುದನ್ನು ನೋಡಲೇ ಇಲ್ಲ. ಅವರು ಇಲ್ಲೇ ಇದ್ದರು, ಬಂದ ಮಕ್ಕಳಿಗೆ ಜೊತೆಯಾಗಿ. ಒಮ್ಮೆ ನನ್ನ ಮಗ ಕೇಳಿದ್ದ, "ಅಮ್ಮಾ, ನಾವು ಎಲ್ಲಿಗೆ ಹೋಗೋದು?" ಅವನಿಗೆ ಆಗ ಆರು ವರ್ಷ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟಲ್ಲಿ ಬೈದುಬಿಟ್ಟೆ. ಆ ಬೈದದ್ದು ಇನ್ನೂ ನೋಯುತ್ತದೆ.

ಆದರೆ ನನ್ನ ಬಗ್ಗೆ ಅಯ್ಯೋ ಪಾಪ ಅನ್ನಬೇಡಿ. ನಾದಿನಿಯರು ಬಂದಾಗ ನನಗೂ ಮಾತಿಗೆ ಜನ ಸಿಗುತ್ತಿತ್ತು. ವರ್ಷದಲ್ಲಿ ಉಳಿದ ಹತ್ತು ತಿಂಗಳು ಆ ಮನೆಯಲ್ಲಿ ನಾನು, ಅತ್ತೆ, ಮಾವ, ಮತ್ತೆ ಮಳೆ. ಹಪ್ಪಳದ ದಿನ ನಿಜವಾಗಿ ನಗುತ್ತಿದ್ದೆವು. ಮಕ್ಕಳು ಹೊರಟ ಮೇಲೆ ಜಗುಲಿ ಗುಡಿಸುವಾಗ ಒಂದು ಗೋಲಿ, ಒಂದು ರಿಬ್ಬನ್ ಸಿಕ್ಕರೆ ಅಳು ಬರುತ್ತಿತ್ತು. ದಣಿವೂ ನನ್ನದೇ, ಆ ಅಳುವೂ ನನ್ನದೇ.

ದೊಡ್ಡ ನಾದಿನಿಯ ಮಗಳು, 12 ವರ್ಷದವಳು, ಒಂದು ಬೆಳಿಗ್ಗೆ ಒಲೆಯ ಮುಂದೆ ಬಂದು ಕೂತಳು. "ಅತ್ತೆ, ನೀವು ಮಣೆ ಹಾಕಿಕೊಂಡು ಕೂತ್ಕೊಳ್ಳಿ, ನಾನು ಹೊಯ್ತೀನಿ" ಅಂದಳು. ಮೊದಲ ದೋಸೆ ಹರಿಯಿತು. ಎರಡನೆಯದು ದಪ್ಪ. ಮೂರನೆಯದು ಬಂತು. ಅದನ್ನು ನನ್ನ ಬಾಳೆಲೆಗೆ ಹಾಕಿ ಮೇಲೆ ಬೆಣ್ಣೆ ಇಟ್ಟಳು. ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಬೇಸಿಗೆಯಲ್ಲಿ ನಾನು ಬಿಸಿ ದೋಸೆ ತಿಂದದ್ದು ಅದೇ ಮೊದಲು. ಅವಳಿಗೆ ಈಗ 50ರ ಹತ್ತಿರ. ಇವತ್ತಿಗೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ.

ಮಕ್ಕಳನ್ನು ಕರೆದುಕೊಂಡು ಬನ್ನಿ. ಮಕ್ಕಳಿಲ್ಲದ ಮನೆ ಒಳ್ಳೆಯದಲ್ಲ. ಕಳಿಸಬೇಡಿ, ಕರೆದುಕೊಂಡು ಬನ್ನಿ.

ನೆರಳು

ಅಮ್ಮಾ, ನವರಾತ್ರಿಯ ವಿಷಯ ಓದಿ ನನ್ನ ಅಮ್ಮನಿಗೆ ಫೋನ್ ಮಾಡಿದೆ. "ನೀನು ಯಾವಾಗ ನಿನ್ನ ಅಕ್ಕಂದಿರ ಜೊತೆ ತವರಲ್ಲಿ ಇದ್ದೆ?" ಅಂತ ಕೇಳಿದೆ. ತುಂಬಾ ಹೊತ್ತು ಯೋಚಿಸಿ, "ತಮ್ಮನ ಮದುವೆಗೆ ಮೂರು ದಿನ" ಅಂದಳು. ದೊಡ್ಡಮ್ಮಂದಿರು ಇಬ್ಬರೂ ಈಗಲೂ ಇದ್ದಾರೆ. ಈ ಏಪ್ರಿಲ್‌ನಲ್ಲಿ ಮೂವರನ್ನೂ ನಮ್ಮ ಮನೆಗೆ ಕರೆಸುತ್ತೇನೆ. ಅಡುಗೆ ನಾನೂ ನನ್ನ ಗಂಡನೂ ಮಾಡುತ್ತೇವೆ.

ಶಿರಸಿ ಸೀಮೆ

ಎರಡು ದಿನ ಬರೆಯಲು ಆಗಲಿಲ್ಲ.

ಹೊಸನಗರದವರೇ, ನಿಮ್ಮ ಪ್ರಶ್ನೆಗೆ ಮೊದಲು ಉತ್ತರ. ಹೌದು, ಇದ್ದ. ಹನ್ನೆರಡನೆಯವನು ಇದ್ದ. ಹೊಳೆಯಲ್ಲಿ ಏಡಿ ಹಿಡಿಯುವುದು ನಮಗೆ ಅವನೇ ತೋರಿಸಿದ್ದು. ಅವನು ನಮ್ಮ ಜೊತೆ ಜಗುಲಿ ಹತ್ತಿದ್ದು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ, ಯಾಕೆಂದರೆ ಅವನು ಹತ್ತಿರಲಿಲ್ಲ. ಆಗ ನನಗೆ ಅದು ಕಾಣಲೇ ಇಲ್ಲ. ಅವನು ಅದೇ ಊರಲ್ಲಿದ್ದಾನೆ. ಹೋದಾಗ ಅವನ ಮನೆಗೆ ಹೋಗಿ ಬರುತ್ತೇನೆ.

ಆಮೇಲೆ ಅತ್ತೆಗೆ ಫೋನ್ ಮಾಡಿದೆ. ಅವರಿಗೀಗ 71. "ಅತ್ತೆ, ಆಗ ನಿಮಗೆ ಏನು ಮಾಡಬೇಕು ಅನ್ನಿಸುತ್ತಿತ್ತು?" ಅಂತ ಕೇಳಿದೆ. ಮೊದಲು ನಕ್ಕರು. ಮತ್ತೆ ಹೇಳಿದರು, "ಸಮುದ್ರ ನೋಡಬೇಕು ಅಂತಿತ್ತು." ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ಘಟ್ಟ ಇಳಿದರೆ ಸಮುದ್ರ. ನಾವು ಮಕ್ಕಳೆಲ್ಲ ಮಾವನ ಜೊತೆ ಜೀಪಿನಲ್ಲಿ ಪ್ರತಿ ಬೇಸಿಗೆ ಒಮ್ಮೆ ಗೋಕರ್ಣಕ್ಕೆ ಹೋಗುತ್ತಿದ್ದೆವು. ಬುತ್ತಿ ಕಟ್ಟಿ ಕೊಡುತ್ತಿದ್ದವರು ಅತ್ತೆ. ಜೀಪಿನಲ್ಲಿ ಅವರಿಗೆ ಜಾಗ ಇರುತ್ತಿರಲಿಲ್ಲ. ಅವರು ಸಮುದ್ರ ನೋಡಿದ್ದು 50 ದಾಟಿದ ಮೇಲೆ, ಯಾರದೋ ಕಾರ್ಯಕ್ಕೆ ಹೋದಾಗ, ಬಸ್ಸಿನ ಕಿಟಕಿಯಿಂದ.

ಮೇ ಮೊದಲ ವಾರದಿಂದ ರಜೆ ಹಾಕಿದ್ದೇನೆ, ಗಂಡನೂ ಹಾಕಿದ್ದಾರೆ. ಒಂದು ತಿಂಗಳು ಆಗಲಿಲ್ಲ, 12 ದಿನ. ಮೊದಲು ಗೋಕರ್ಣ, ಅತ್ತೆಯ ಜೊತೆ, ಎರಡು ರಾತ್ರಿ. ಬುತ್ತಿ ನಾವು ಕಟ್ಟುತ್ತೇವೆ. ಆಮೇಲೆ ಮನೆ. ಮಗನಿಗೆ ಟೈಮ್‌ಟೇಬಲ್ ಬೇಕಲ್ಲ, ಒಂದು ಬರೆದುಕೊಟ್ಟಿದ್ದೇನೆ: ಬೆಳಿಗ್ಗೆ 7ಕ್ಕೆ ಅಪ್ಪನ ಜೊತೆ ದೋಸೆ ಹೊಯ್ಯುವುದು. ಉಳಿದದ್ದೆಲ್ಲ ಖಾಲಿ ಬಿಟ್ಟಿದ್ದೇನೆ.

ಕಡಲ ಕರೆಯವರೇ, ಬೀಗ ತೆಗೆಸಿ ಒಂದು ವಾರವಾದರೂ ಹೋಗಿ. ಮಗನಿಗೆ ಇನ್ನೂ ಸಮಯವಿದೆ.

ಹಿರಿಸೊಸೆ ಅಮ್ಮಾ, ಒಂದು ಸಹಾಯ ಬೇಕು. ಹಲಸಿನ ಹಪ್ಪಳ ತಿಂದು ಗೊತ್ತು, ಮಾಡಿ ಗೊತ್ತಿಲ್ಲ. ಅತ್ತೆಯನ್ನು ಕೂರಿಸಿ ನಾವೇ ಮಾಡಬೇಕು ಅಂತ ಆಸೆ. ಹೇಗೆ ಅಂತ ಹೇಳುತ್ತೀರಾ?

ಹೊಸನಗರ

ಶಿರಸಿಯವರೇ, ಅವನ ಮನೆಗೆ ಹೋದಾಗ ನೀರು ಕೇಳಿ ಕುಡಿಯಿರಿ. ನೆನಪಿಟ್ಟುಕೊಂಡದ್ದಕ್ಕೆ ಸಂತೋಷ.

ಹಿರಿಸೊಸೆ

ಬರೆದುಕೋ ಮಗಾ. ಬಲಿತ ಕಾಯಿ ಬೇಕು, ಹಣ್ಣಾಗಬಾರದು. ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಕೊಯ್ಯಬೇಕು, ಇಲ್ಲದಿದ್ದರೆ ಮೇಣ ಹತ್ತಿ ಎರಡು ದಿನ ಬಿಡುವುದಿಲ್ಲ. ಸೊಳೆ ಬಿಡಿಸು, ಬೀಜ ತೆಗೆದಿಡು. ಬೀಜ ಬಿಸಾಡಬೇಡ, ಸಾರಿಗೆ ಆಗುತ್ತದೆ. ಸೊಳೆಯನ್ನು ಹಬೆಯಲ್ಲಿ ಬೇಯಿಸು. ನೀರಲ್ಲಿ ಬೇಯಿಸಿದರೆ ಹಿಟ್ಟು ಸಡಿಲವಾಗಿ ಹಪ್ಪಳ ಏಳುವುದಿಲ್ಲ.

ಬಿಸಿ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ತಣ್ಣಗಾದರೆ ನಾರು ಉಳಿಯುತ್ತದೆ. ಈ ಕೆಲಸ ಗಂಡಸರಿಗೆ ಕೊಡು. ಉಪ್ಪು, ಒಣಮೆಣಸಿನ ಪುಡಿ, ಜೀರಿಗೆ, ಇಂಗು ಹಾಕಿ ಮತ್ತೆ ಕುಟ್ಟು. ಹಿಟ್ಟು ಕೈಗೆ ಅಂಟದ ಹಾಗಾದಾಗ ನಿಲ್ಲಿಸು. ಆಗ ಮಕ್ಕಳಿಗೆ ಒಂದೊಂದು ಉಂಡೆ ಹಸಿ ಹಿಟ್ಟು, ಮೇಲೆ ಕೊಬ್ಬರಿ ಎಣ್ಣೆ ಬಿಟ್ಟು ಕೊಡಬೇಕು. ಅದನ್ನು ಕೊಡದೆ ಮುಂದಕ್ಕೆ ಹೋಗಬೇಡ.

ನಿಂಬೆಗಾತ್ರದ ಉಂಡೆ ಮಾಡಿ ಎಣ್ಣೆ ಸವರಿದ ಎರಡು ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತು. ಚಾಪೆಯ ಮೇಲೆ ಹಾಕು. ಮಧ್ಯಾಹ್ನ ಒಮ್ಮೆ ಮಗುಚಬೇಕು. ಮೂರು ಬಿಸಿಲು ಸರಿಯಾಗಿ ಬಿದ್ದರೆ ವರ್ಷ ಇರುತ್ತದೆ.

ಮೇ ಮೊದಲ ವಾರ ಅಂದೆಯಲ್ಲ, ಭರಣಿ ಮಳೆಯ ಹೊತ್ತು ಅದು. ಮಧ್ಯಾಹ್ನ ಬಿಸಿಲಿದ್ದರೂ ಸಂಜೆಗೆ ಗುಡುಗಬಹುದು. ನಾಲ್ಕು ಗಂಟೆಗೆ ಆಕಾಶ ನೋಡಿ ಚಾಪೆ ಸಮೇತ ಜಗುಲಿಗೆ ಎತ್ತಿಬಿಡು. ಗೋಕರ್ಣದಿಂದ ಬಂದ ಮರುದಿನವೇ ಶುರು ಮಾಡು, ತಡ ಮಾಡಬೇಡ.